ಹರ್ಷಿತಾಳ ಮಧ್ಯಾಹ್ನದ ಲೆಕ್ಕ

ಮೊನ್ನೆ ಜಯನಗರ ನಾಲ್ಕನೇ ಬ್ಲಾಕಿನ ಮಾರ್ಕೆಟ್ಟಿನ ಹೊರಗೆ ಈ ವರ್ಷದ ಮೊದಲ ಅವರೆಕಾಯಿ ರಾಶಿ ಬಿದ್ದಿತ್ತು. ಮುಟ್ಟಿದರೆ ಬೆರಳು ಜಿಡ್ಡಾಗುವಷ್ಟು ಸೊಗಡು. ಮಾರುವ ಹೆಂಗಸು, "ನೋಡಿ ಅಕ್ಕ, ಕೈ ತೊಳೆದ್ರೂ ವಾಸ್ನೆ ಹೋಗಲ್ಲ" ಎಂದಳು. ಹೋಗಲಿಲ್ಲ. ಕ್ಲಿನಿಕ್ಕಿಗೆ ಬಂದು ಮೊದಲ ಪೇಷಂಟಿನ ರಿಪೋರ್ಟು ತಿರುವಿಹಾಕುವಾಗಲೂ ಬೆರಳಿನಿಂದ ಅದೇ ವಾಸನೆ ಬರುತ್ತಿತ್ತು. ನನ್ನ ತಲೆಯಲ್ಲಿ ಮಾತ್ರ ಕೆಲವು ವರ್ಷಗಳ ಹಿಂದಿನ ಒಂದು ಅವರೆಕಾಯಿ ಕಾಲ ಓಡುತ್ತಿತ್ತು. ಹರ್ಷಿತಾ ಎಂಬ ಹುಡುಗಿಯ ಮಾತನ್ನು ಯಾರೂ ನಂಬದೆ ಹೋದ ಚಳಿಗಾಲ ಅದು.

ನಾನು ಡಯಟಿಷಿಯನ್. ಸಕ್ಕರೆ ಕಾಯಿಲೆಯವರಿಗೆ ಏನು ತಿನ್ನಬೇಕು, ಎಷ್ಟು ತಿನ್ನಬೇಕು ಎಂದು ಹೇಳುವುದು ನನ್ನ ಹೊಟ್ಟೆಪಾಡು. ಮದುವೆಮನೆಯ ಪಂಕ್ತಿಯಲ್ಲಿ ನನ್ನ ಪಕ್ಕ ಕೂರಲು ಯಾರಿಗೂ ಮನಸ್ಸಿಲ್ಲ. ಜಹಾಂಗೀರು ಹಾಕಿಸಿಕೊಂಡವರು ನನ್ನನ್ನು ಕಂಡರೆ ಹಪ್ಪಳವನ್ನು ಅದರ ಮೇಲೆ ಮುಚ್ಚುತ್ತಾರೆ. ಈ ಕೆಲಸದಲ್ಲಿ ಎಲ್ಲಕ್ಕಿಂತ ಮೊದಲು ಕಲಿಯಬೇಕಾದದ್ದು ಜನ ಊಟದ ಬಗ್ಗೆ ಮಾತಾಡುವ ಭಾಷೆಯನ್ನು. "ಸ್ವಲ್ಪ ಅನ್ನ" ಎಂದರೆ ಒಬ್ಬರಿಗೆ ಒಂದು ಸೌಟು, ಇನ್ನೊಬ್ಬರಿಗೆ ಅರ್ಧ ಕುಕ್ಕರು. "ಒಂದೇ ಮುದ್ದೆ ಮೇಡಂ" ಎನ್ನುವವರ ಮುದ್ದೆ ನಿಂಬೆಹಣ್ಣಿಗಿಂತ ಚೂರು ದೊಡ್ಡದಿರಬಹುದು, ಸುಲಿದ ತೆಂಗಿನಕಾಯಿಯಷ್ಟೂ ಇರಬಹುದು. ನಮ್ಮ ಕಡೆ ಮುದ್ದೆಗೆ ಗಾತ್ರ ಇಲ್ಲ, ಮನೆತನ ಇದೆ. ಹೀಗಾಗಿ ಪೇಷಂಟುಗಳು ಹೇಳಿದ್ದನ್ನು ಅರ್ಧ ನಂಬುವುದು, ಸಕ್ಕರೆ ಅಳೆಯುವ ಮೀಟರ್ ಹೇಳಿದ್ದನ್ನು ಪೂರ್ತಿ ನಂಬುವುದು ನಮ್ಮ ರೂಢಿ.

ಹರ್ಷಿತಾ ಆಗ ಒಂಬತ್ತನೇ ಕ್ಲಾಸು. ಮನೆ ಹೊಸಕೆರೆಹಳ್ಳಿಯಲ್ಲಿ. ಅದು ನಿಜಕ್ಕೂ ಹಳ್ಳಿಯಾಗಿದ್ದ ಕಾಲದಿಂದ ಅಲ್ಲೇ ಇರುವ ಕುಟುಂಬ. ರಾಗಿ ಹೊಲ ಇದ್ದ ಜಾಗದಲ್ಲಿ ಮೂರಂತಸ್ತಿನ ಮನೆ ಎದ್ದು, ಕೆಳಗಿನದೆಲ್ಲ ಬಾಡಿಗೆಗೆ ಹೋಗಿ, ಇವರು ಮೇಲಿದ್ದರು. ತಂದೆಗೆ ಬನಶಂಕರಿಯಲ್ಲಿ ಎಲೆಕ್ಟ್ರಿಕಲ್ ಅಂಗಡಿ. ತಾಯಿ ಸುಜಾತ ಜೆ.ಪಿ. ನಗರದ ಒಂದು ಆಫೀಸಿನಲ್ಲಿ ಕೆಲಸಕ್ಕಿದ್ದರು. ಇವರ ಜೊತೆ ತಂದೆಯ ತಾಯಿ, ತಾಯಮ್ಮ. ಆ ವರ್ಷದ ಮಳೆಗಾಲದಲ್ಲಿ ಹುಡುಗಿ ಇದ್ದಕ್ಕಿದ್ದಂತೆ ಸೊರಗಿ, ಬಾಟಲಿಗಟ್ಟಲೆ ನೀರು ಕುಡಿದು, ಕೊನೆಗೆ ಆಸ್ಪತ್ರೆ ಸೇರಿದಾಗ ಟೈಪ್ ಒನ್ ಡಯಾಬಿಟಿಸ್ ಎಂದು ಗೊತ್ತಾಯಿತು. ದೇಹ ಇನ್ಸುಲಿನ್ ಮಾಡುವುದನ್ನೇ ನಿಲ್ಲಿಸಿಬಿಡುವ ಕಾಯಿಲೆ. ಇರುವಷ್ಟು ಕಾಲವೂ ಚುಚ್ಚಿಕೊಳ್ಳಬೇಕು.

ಆಸ್ಪತ್ರೆಯವರು ಅವಳಿಗೆ ಗೊತ್ತುಮಾಡಿದ ಡೋಸು, ಗೊತ್ತುಮಾಡಿದ ಊಟ ಹೇಳಿ ಕಳಿಸಿದ್ದರು. ಮಧ್ಯಾಹ್ನ ಎರಡು ಚಪಾತಿ, ಹುರುಳಿಕಾಯಿ ಪಲ್ಯ. ಅದಕ್ಕಿಂತ ಹೆಚ್ಚಿಲ್ಲ, ಕಮ್ಮಿಯಿಲ್ಲ. ಹಸಿವಾದರೂ ಅಷ್ಟೇ, ಹಸಿವಿಲ್ಲದಿದ್ದರೂ ಅಷ್ಟೇ. ನಮ್ಮ ಕ್ಲಿನಿಕ್ಕಿಗೆ ಬಂದ ದಿನ ಅವಳು ನನ್ನ ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಇಡ್ಲಿಯನ್ನು ತಿರುಗಿಸಿ ನೋಡುತ್ತಾ ಕೂತಿದ್ದಳು. ಪಾಠಕ್ಕೆಂದು ಇಟ್ಟುಕೊಂಡಿರುವ ಇಡ್ಲಿ, ಚಪಾತಿ, ಬಾಳೆಹಣ್ಣು. ಎಲ್ಲದರ ಮೇಲೂ ಯಾವುದೋ ಮಗುವಿನ ಹಲ್ಲಿನ ಗುರುತಿದೆ.

"ಸ್ಕೂಲಲ್ಲಿ ಯಾರ ಜೊತೆ ಊಟ ಮಾಡ್ತೀಯ?" ಎಂದು ಕೇಳಿದೆ.

"ಒಬ್ಳೇ. ಕಿಟಕಿ ಹತ್ರ." ತಲೆ ಎತ್ತಲಿಲ್ಲ. "ಅವರ ಜೊತೆ ಕೂತ್ರೆ ಎಲ್ಲರೂ ಡಬ್ಬಿ ಮುಂದೆ ಹಿಡೀತಾರೆ ಮೇಡಂ. ಬೇಡ ಬೇಡ ಅಂದು ಅಂದು ಸಾಕಾಗುತ್ತೆ."

ಕಾರ್ಬ್ ಎಣಿಸುವುದನ್ನು ನಾನು ಹೇಳಿಕೊಡಲು ಶುರುಮಾಡಿದ್ದು ಅವತ್ತೇ. ವಿಷಯ ಸುಲಭ. ಅನ್ನ, ಮುದ್ದೆ, ಚಪಾತಿ, ಕಾಳು, ಹಣ್ಣು, ಹಾಲು, ಇವುಗಳಲ್ಲಿರುವ ಕಾರ್ಬೋಹೈಡ್ರೇಟು ಹೊಟ್ಟೆಯಲ್ಲಿ ಸಕ್ಕರೆಯಾಗುತ್ತದೆ. ತಟ್ಟೆಯಲ್ಲಿ ಅದು ಎಷ್ಟಿದೆ ಎಂದು ಲೆಕ್ಕ ಹಾಕಿ, ಅದಕ್ಕೆ ತಕ್ಕಷ್ಟು ಇನ್ಸುಲಿನ್ನು ಊಟಕ್ಕೆ ಮೊದಲು ತೆಗೆದುಕೊಂಡರೆ ಆಯಿತು. ಊಟಕ್ಕೆ ಮನುಷ್ಯ ಹೊಂದಿಕೊಳ್ಳುವ ಬದಲು ಇನ್ಸುಲಿನ್ ಹೊಂದಿಕೊಳ್ಳುತ್ತದೆ. ಡಾಕ್ಟರು ಒಪ್ಪಿದರು, ಒಂದು ಷರತ್ತಿನ ಮೇಲೆ: ಸಂಕ್ರಾಂತಿಯ ಹೊತ್ತಿಗೆ ನಂಬರುಗಳು ಸರಿಹೋಗಬೇಕು, ಇಲ್ಲದಿದ್ದರೆ ಹಳೆಯ ಚಪಾತಿಗೇ ವಾಪಸ್.

ಹರ್ಷಿತಾ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು. "ಹಾಗಾದ್ರೆ ಹಿದಕಿದ ಬೇಳೆ ಸಾರು ಅನ್ನ ತಿನ್ಬಹುದಾ?"

"ತಿನ್ನು. ಎಣಿಸಿ ತಿನ್ನು."

ಅವಳ ಮುಖ ಅರಳಿದ್ದು ನನಗೆ ಚೆನ್ನಾಗಿ ನೆನಪಿದೆ. ಪ್ಲಾಸ್ಟಿಕ್ ಇಡ್ಲಿಯನ್ನು ಕೆಳಗಿಟ್ಟಳು.

ಕಲಿಯುವುದರಲ್ಲಿ ಚುರುಕು. ಮನೆಗೊಂದು ಪುಟ್ಟ ತಕ್ಕಡಿ ತರಿಸಿದರು, ಬ್ಯಾಟರಿ ಹಾಕುವಂಥದ್ದು. ಮೊದಮೊದಲು ತೂಕ ಹಾಕಿ ಹೇಳುತ್ತಿದ್ದವಳು ಬರಬರುತ್ತಾ ಕಣ್ಣಿನಲ್ಲೇ ಅಂದಾಜು ಮಾಡತೊಡಗಿದಳು. ಕ್ಲಿನಿಕ್ಕಿನಲ್ಲಿ ನಾನು ತಟ್ಟೆಗೆ ಅನ್ನ ಹಾಕಿ ತೋರಿಸಿದರೆ, ಅವಳು ಹೇಳಿದ ತೂಕಕ್ಕೂ ತಕ್ಕಡಿಗೂ ಹೆಚ್ಚು ವ್ಯತ್ಯಾಸ ಇರುತ್ತಿರಲಿಲ್ಲ. ಅದು ಆಟವಾಗಿತ್ತು ಅವಳಿಗೆ. ಸ್ಕೂಲಿನಲ್ಲಿ ಕಿಟಕಿ ಬಿಟ್ಟು ಗೆಳತಿಯರ ನಡುವೆ ಬಂದು ಕೂತಳು. ಸ್ಟಾಫ್ ರೂಮಿಗೆ ಹೋಗಿ ಪೆನ್ನಿನಂಥ ಇನ್ಸುಲಿನ್ ಸೂಜಿ ಚುಚ್ಚಿಕೊಂಡು ಬಂದು, ಎಲ್ಲರಂತೆ ಡಬ್ಬಿ ತೆಗೆದು ಅನ್ನ ಸಾರು ಉಣ್ಣುತ್ತಿದ್ದಳು.

ಮನೆಯ ವ್ಯವಸ್ಥೆ ಹೀಗಿತ್ತು. ಸುಜಾತ ಬೆಳಿಗ್ಗೆ ಎದ್ದು ಅಡುಗೆ ಮಾಡಿ, ತಿಂಡಿ ಮತ್ತು ಮಧ್ಯಾಹ್ನದ ಡಬ್ಬಿಯ ಅನ್ನ ಎರಡನ್ನೂ ತೂಕ ಹಾಕಿಟ್ಟು, ಮಗಳಿಗೆ ಲೆಕ್ಕ ಹೇಳಿ, ತಾನು ರೆಡಿಯಾಗಲು ಓಡುತ್ತಿದ್ದರು. ತಿಂಡಿ ಕೊಟ್ಟು, ಡಬ್ಬಿ ಬ್ಯಾಗಿಗೆ ಇಡುತ್ತಿದ್ದದ್ದು ಅಜ್ಜಿ. ರಾತ್ರಿ ಊಟವನ್ನು ಸುಜಾತ ತಾವೇ ಬಡಿಸುತ್ತಿದ್ದರು. ತಾಯಮ್ಮ ಕತ್ತಲಾಗುತ್ತಿದ್ದಂತೆ ಉಂಡು ಮಲಗುವವರು.

ಡಿಸೆಂಬರ್ ಬಂತು. ತಮಿಳುನಾಡಿನ ಕಡೆ ಎಲ್ಲೋ ವಾಯುಭಾರ ಕುಸಿದು ನಮ್ಮಲ್ಲಿ ದಿನವಿಡೀ ಜಿನುಗು ಮಳೆ. ಮಕ್ಕಳೆಲ್ಲ ಸ್ವೆಟರು ಹಾಕಿಕೊಂಡು, ಮೂಗು ಒರೆಸುತ್ತಾ ಸ್ಕೂಲಿಗೆ ಹೋಗುತ್ತಿದ್ದರು. ಹರ್ಷಿತಾಳ ನಂಬರುಗಳು ಬರತೊಡಗಿದ್ದೂ ಆಗಲೇ, ಅವು ಚೆನ್ನಾಗಿರಲಿಲ್ಲ. ರಾತ್ರಿ ಊಟದ ನಂತರ ಸಕ್ಕರೆ ಸರಿಯಾಗಿರುತ್ತಿತ್ತು. ಬೆಳಗಿನ ತಿಂಡಿ, ಮಧ್ಯಾಹ್ನದ ಊಟ ಆದ ಮೇಲೆ ಮಾತ್ರ ಏರಿ ಕೂರುತ್ತಿತ್ತು. ಒಂದು ದಿನ ಅಲ್ಲ, ಎಲ್ಲಾ ದಿನವೂ.

ಲೆಕ್ಕ ಪರೀಕ್ಷಿಸಿದೆವು. ಸರಿ ಇತ್ತು. ಸೂಜಿ ಚುಚ್ಚುವ ರೀತಿ ನೋಡಿದೆವು. ಅದೂ ಸರಿ. ಇನ್ಸುಲಿನ್ನು ಫ್ರಿಜ್ಜಿನಲ್ಲಿದೆಯೇ ಎಂದು ವಿಚಾರಿಸಿದೆವು. ಇದೆ. ಇಷ್ಟೆಲ್ಲ ಆದ ಮೇಲೆ ಉಳಿಯುವುದು ಒಂದೇ ಅನುಮಾನ. ಅಮ್ಮನ ಕಣ್ಣೆದುರು ಉಂಡಾಗ ಸರಿ, ಅಮ್ಮ ಇಲ್ಲದಾಗ ಜಾಸ್ತಿ. ಅಂದಮೇಲೆ ಹುಡುಗಿ ಹೊರಗೆ ಏನೋ ತಿನ್ನುತ್ತಿದ್ದಾಳೆ. ಸ್ಕೂಲಿನ ದಾರಿಯಲ್ಲಿ ಒಂದು ಬೇಕರಿ ಬೇರೆ ಇತ್ತು.

ಡಾಕ್ಟರು ಕೋಪಿಸಿಕೊಳ್ಳಲಿಲ್ಲ. ಹದಿಹರೆಯದ ಮಕ್ಕಳನ್ನು ಬಹಳ ನೋಡಿದವರು. "ಏನಮ್ಮ, ಪಫ್ಸ್ ಇಷ್ಟಾನಾ?" ಎಂದು ನಗುತ್ತಲೇ ಕೇಳಿದರು.

"ನಾನು ತಿಂದಿಲ್ಲ ಸಾರ್."

"ತಿಂದ್ರೆ ತಪ್ಪೇನಿಲ್ಲ. ಎಣಿಸಿ ತಿನ್ನು ಅಷ್ಟೇ. ಮುಚ್ಚಿಡಬೇಡ."

"ಇಲ್ಲ ಸಾರ್. ಡಬ್ಬೀಲಿರೋದು ಬಿಟ್ಟು ಏನೂ ತಿಂದಿಲ್ಲ."

ಡಾಕ್ಟರು ನನ್ನ ಕಡೆ ನೋಡಿದರು. ನಾನು ನಂಬರಿನ ಕಡೆ ನೋಡಿದೆ. ಸುಜಾತ ಮಗಳ ಕಡೆ ನೋಡಿದರು. ಆ ಕೋಣೆಯಲ್ಲಿ ಹರ್ಷಿತಾಳ ಪರವಾಗಿ ಒಬ್ಬರೂ ಇರಲಿಲ್ಲ.

ಸುಜಾತ ಕೆಟ್ಟ ತಾಯಿಯಲ್ಲ. ಮಗು ಐ.ಸಿ.ಯು.ನಲ್ಲಿ ಮಲಗಿದ್ದನ್ನು ನೋಡಿದ ತಾಯಿ. ಹೆದರಿಕೆ ಅವರಲ್ಲಿ ಸಿಟ್ಟಾಗಿ ಹೊರಬರುತ್ತಿತ್ತು, ಅಷ್ಟೇ. ಬೇಕರಿಗೆ ಹೋಗಿ ಮೊಬೈಲಿನಲ್ಲಿ ಮಗಳ ಫೋಟೊ ತೋರಿಸಿ ಕೇಳಿದರಂತೆ. ಬೇಕರಿಯವನು, "ದಿನಾ ಅಷ್ಟೊಂದು ಮಕ್ಳು ಬರ್ತಾರೆ ಮೇಡಂ, ಯಾರು ಬಂದ್ರು ಯಾರು ಇಲ್ಲ ಅಂತ ಎಲ್ಲಿ ನೆನಪಿಟ್ಕೊಳ್ಲಿ" ಎಂದನಂತೆ. ಇಲ್ಲ ಎನ್ನಲಿಲ್ಲವಲ್ಲ, ಅವರಿಗೆ ಅಷ್ಟೇ ಸಾಕಾಯಿತು. ಅವತ್ತಿನಿಂದ ದಿನಾ ಸಂಜೆ ಬ್ಯಾಗು ಕೊಡವುವುದು, ಯೂನಿಫಾರ್ಮಿನ ಜೇಬು ಮೂಸುವುದು ಶುರುವಾಯಿತು. ಮನೆಯಲ್ಲಿ ಹುಡುಗಿಯ ಪರ ನಿಂತವರು ಅಜ್ಜಿ ಒಬ್ಬರೇ. "ಮಗ ತಿಂದಿಲ್ಲ ಅಂದ್ಮ್ಯಾಕೆ ತಿಂದಿಲ್ಲ, ಬಿಡೇ" ಎಂದು ಸೊಸೆಯ ಮೇಲೆ ರೇಗುತ್ತಿದ್ದರಂತೆ. ಮುದುಕಿ ಮುದ್ದು ಮಾಡಿ ಕೆಡಿಸುತ್ತಿದ್ದಾರೆ ಎಂದು ಸುಜಾತ ನನ್ನ ಬಳಿ ದೂರಿದರು.

ಕೊನೆಗೆ ಡಾಕ್ಟರು ಬೆಳಿಗ್ಗೆ ಮತ್ತು ಮಧ್ಯಾಹ್ನದ ಡೋಸನ್ನು ಸ್ವಲ್ಪ ಏರಿಸಿದರು. ಬೆಳೆಯುವ ವಯಸ್ಸು, ಅದಕ್ಕೂ ಇನ್ಸುಲಿನ್ ಹೆಚ್ಚು ಬೇಕಾಗುತ್ತದೆ, ತಿನ್ನುತ್ತಿದ್ದರೆ ಅದಕ್ಕೂ ಆಯಿತು ಎಂಬ ಲೆಕ್ಕಾಚಾರ. ನಂಬರುಗಳು ಇಳಿದವು. ಸುಜಾತ ಫೋನ್ ಮಾಡಿ ಥ್ಯಾಂಕ್ಸ್ ಹೇಳಿದರು. ಖುಷಿಯಾಗದವಳು ಒಬ್ಬಳೇ.

"ಡೋಸ್ ಜಾಸ್ತಿ ಮಾಡಿದ್ಮೇಲೆ ಸರಿಹೋಯ್ತು ಅಂದ್ರೆ, ನಾನು ಕದ್ದು ತಿಂತಿದ್ದೆ ಅಂತ ಒಪ್ಕೊಂಡಂಗೆ ಅಲ್ವಾ ಮೇಡಂ?" ಎಂದು ಕೇಳಿದಳು. ನಂಬರು ಸರಿಯಾಗಿದೆಯಲ್ಲ ಎಂದೆ. ಅದು ಉತ್ತರವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಕ್ರಿಸ್‌ಮಸ್ ರಜೆ ಮುಗಿಯುವ ಹೊತ್ತಿಗೆ ಗೊಟ್ಟಿಗೆರೆಯಲ್ಲಿದ್ದ ತಾಯಮ್ಮನ ಮಗಳು ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡರು. ತಾಯಮ್ಮ ಸೀರೆ ಬ್ಯಾಗಿಗೆ ಹಾಕಿಕೊಂಡು ಮಗಳ ಮನೆಗೆ ಹೊರಟರು. ಮಾರನೇ ದಿನವೇ ಸ್ಕೂಲು ಮತ್ತೆ ಶುರುವಾಯಿತು, ಸುಜಾತ ಒಬ್ಬರೇ ತಿಂಡಿ ಡಬ್ಬಿ ಎಲ್ಲ ನೋಡಿಕೊಂಡರು.

ಅವತ್ತು ಮಧ್ಯಾಹ್ನ ಊಟ ಆದ ಮೇಲಿನ ಪೀರಿಯಡ್ಡಿನಲ್ಲಿ ಹರ್ಷಿತಾ ಡೆಸ್ಕಿನ ಮೇಲೆ ತಲೆಯಿಟ್ಟಳು. ಉಂಡ ಮೇಲೆ ನಿದ್ದೆ ಬರುವುದು ಸಹಜ ಎಂದು ಟೀಚರ್ ಸುಮ್ಮನಿದ್ದರಂತೆ. ಪಕ್ಕದಲ್ಲಿದ್ದ ಗೆಳತಿ ಮುಟ್ಟಿ ನೋಡಿದಾಗ ಆ ಚಳಿಯಲ್ಲಿ ಕತ್ತೆಲ್ಲ ಬೆವತಿತ್ತು, ಕರೆದರೆ ಮಾತು ತೊದಲುತ್ತಿತ್ತು. ಬ್ಯಾಗಿನಲ್ಲಿದ್ದ ಗ್ಲೂಕೋಸ್ ಪುಡಿಯನ್ನು ನೀರಿನ ಬಾಟಲಿಗೆ ಸುರಿದು ಕುಡಿಸಿದಳು. ಶುಗರ್ ತೀರಾ ಕೆಳಗಿಳಿದಿತ್ತು. ಇನ್ನೊಂದಿಷ್ಟು ಹೊತ್ತು ಯಾರೂ ಗಮನಿಸದಿದ್ದರೆ ಏನಾಗುತ್ತಿತ್ತು ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ. ಮಾರನೇ ದಿನ ಬೆಳಿಗ್ಗೆ ತಿಂಡಿ ತಿಂದು ಸ್ಕೂಲಿಗೆ ನಡೆಯುವಾಗ ಮತ್ತೆ ಹಾಗೇ ಆಯಿತು. ಈ ಸಲ ಅವಳೇ ಗುರುತಿಸಿ ಕಾಂಪೌಂಡಿನ ಕಟ್ಟೆಯ ಮೇಲೆ ಕೂತು ಗ್ಲೂಕೋಸ್ ತಿಂದಳು.

ಸಂಜೆಯೇ ತಾಯಿ ಮಗಳು ಕ್ಲಿನಿಕ್ಕಿಗೆ ಬಂದರು. ಡಾಕ್ಟರು ಏರಿಸಿದ್ದ ಡೋಸನ್ನು ತಕ್ಷಣ ಇಳಿಸಿದರು. ಆಮೇಲೆ ಸುಜಾತ ಹೇಳಿದ ಮಾತಿನಲ್ಲಿ ತರ್ಕ ಇತ್ತು.

"ಈಗ ಗೊತ್ತಾಯ್ತಲ್ಲ ಮೇಡಂ. ನಾನು ಬ್ಯಾಗ್ ಚೆಕ್ ಮಾಡೋಕೆ ಶುರು ಮಾಡಿದ್ಮೇಲೆ ಹೆದರಿ ತಿನ್ನೋದು ಬಿಟ್ಟಿದ್ದಾಳೆ. ಅದಕ್ಕೇ ಡೋಸ್ ಜಾಸ್ತಿ ಆಗಿ ಲೋ ಆಗಿದೆ. ಮೊದ್ಲೇ ನಿಜ ಹೇಳಿದ್ರೆ ಇಷ್ಟೆಲ್ಲ ಆಗ್ತಿತ್ತಾ?"

ಹುಡುಗಿ ಪ್ರಜ್ಞೆ ತಪ್ಪಿ ಬೀಳುವ ಹಂತಕ್ಕೆ ಹೋಗಿದ್ದೇ ಅವಳ ವಿರುದ್ಧ ಸಾಕ್ಷಿಯಾಗಿತ್ತು. ಹರ್ಷಿತಾ ಅಳಲಿಲ್ಲ, ವಾದಿಸಲಿಲ್ಲ. ಸ್ವೆಟರಿನ ತೋಳನ್ನು ಬೆರಳಿನವರೆಗೂ ಎಳೆದುಕೊಂಡು ಹೇಳಿದಳು: "ನಂಗೆ ಇದು ಬೇಡ ಮೇಡಂ. ಹಳೇದೇ ಕೊಡಿ. ಎರಡು ಚಪಾತಿ."

ಕಿಟಕಿ ಪಕ್ಕಕ್ಕೆ ವಾಪಸ್ ಹೋಗಲು ಅವಳು ತಯಾರಾಗಿದ್ದಳು. ಅಲ್ಲಿ ಒಬ್ಬಳೇ ಕೂತರೂ ಸುಳ್ಳಿ ಎನಿಸಿಕೊಳ್ಳುವ ಕಷ್ಟವಿಲ್ಲ. ನನಗೆ ನಿಜಕ್ಕೂ ಬೇಜಾರಾಯಿತು. ಅಭ್ಯಾಸ ಬಲದಿಂದ ಪೇಷಂಟುಗಳ ಬಗ್ಗೆ ಬೇಜಾರು ಪಡುವುದನ್ನು ನಾನು ಕಡಿಮೆ ಮಾಡಿಕೊಂಡಿದ್ದೇನೆ, ಅವತ್ತು ಆಗಲಿಲ್ಲ. ಡಾಕ್ಟರನ್ನು ಕೇಳಿ, ತೀರ್ಮಾನವನ್ನು ಒಂದು ವಾರ ಮುಂದಕ್ಕೆ ಹಾಕಿಸಿ, ನಿಮ್ಮ ಮನೆಗೆ ಒಂದು ಬೆಳಿಗ್ಗೆ ಬರುತ್ತೇನೆ ಎಂದೆ. ಅಡುಗೆಮನೆ ನೋಡುವುದೂ ನಮ್ಮ ಕೆಲಸದ ಭಾಗವೇ. ಜನ ತಟ್ಟೆಯ ಬಗ್ಗೆ ಹೇಳದೆ ಬಿಡುವುದನ್ನು ಪಾತ್ರೆಗಳು ಹೇಳುತ್ತವೆ.

ನಾನು ಹೋದ ಹೊತ್ತಿಗೆ ತಾಯಮ್ಮ ಗೊಟ್ಟಿಗೆರೆಯಿಂದ ವಾಪಸ್ ಬಂದಿದ್ದರು. ಮೊಮ್ಮಗಳಿಗೆ ಹುಷಾರಿಲ್ಲ ಎಂದು ತಿಳಿದು, ಮಗಳನ್ನು ಅವಳ ಅತ್ತೆಗೆ ಒಪ್ಪಿಸಿ ಹಿಂದಿನ ಸಂಜೆಯೇ ಬಂದುಬಿಟ್ಟಿದ್ದರಂತೆ. ಹೊಸಕೆರೆಹಳ್ಳಿಯ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಮೆಟ್ಟಿಲು ಹತ್ತುವಾಗಲೇ ಅವರೆಕಾಳಿನ ವಾಸನೆ. ಒಳಗೆ ತಾಯಮ್ಮ ತಲೆಗೆ ಮಫ್ಲರ್ ಸುತ್ತಿಕೊಂಡು, ನೆನೆಹಾಕಿದ ಕಾಳಿನ ಬೇಸಿನ್ ಮುಂದಿಟ್ಟುಕೊಂಡು ಹಿದುಕುತ್ತಾ ಕೂತಿದ್ದರು. ಎರಡು ಬೆರಳ ನಡುವೆ ಒತ್ತಿದರೆ ಬೇಳೆ ಚಂಗನೆ ಹಾರಿ ತಟ್ಟೆಗೆ ಬೀಳುತ್ತಿತ್ತು, ಸಿಪ್ಪೆ ಬೆರಳಲ್ಲಿ ಉಳಿಯುತ್ತಿತ್ತು.

"ಬಾ ಕೂತ್ಕವ್ವ. ಊಟದ ಡಾಕ್ಟ್ರಮ್ಮ ನೀನೇನಾ?" ಎಂದರು. ಕಾಫಿ ತರಿಸಿದರು. ಸಕ್ಕರೆ ಹಾಕಿಸಬೇಕೋ ಬೇಡವೋ ಎಂದು ನನ್ನ ಮುಖ ನೋಡಿದರು.

ಸುಜಾತ ನನ್ನೆದುರೇ ತಕ್ಕಡಿಯ ಮೇಲೆ ಡಬ್ಬಿ ಇಟ್ಟು ಅನ್ನ ಹಾಕಿದರು. ಸರಿಯಾಗಿ ಹಾಕಿದರು, ಚೂರು ಹೆಚ್ಚಾಗಿದ್ದನ್ನು ಚಮಚದಲ್ಲಿ ತೆಗೆದರು. ಸಾರಿನ ಲೆಕ್ಕ ಬೇರೆ ಹಾಕಿದರು. ಒಳಗೆ ರೆಡಿಯಾಗುತ್ತಿದ್ದ ಮಗಳಿಗೆ ಕೂಗಿ ಹೇಳಿದರು. ತಪ್ಪೇನೂ ಇರಲಿಲ್ಲ. ನಂತರ ಒಣಗಿದ ಬಟ್ಟೆ ತರಲು ಟೆರೇಸಿಗೆ ಹೋದರು.

ತಾಯಮ್ಮ ಎದ್ದರು. ಕೈ ತೊಳೆದು ಸೆರಗಿಗೆ ಒರೆಸಿಕೊಂಡರು. ಕುಕ್ಕರಿನಿಂದ ಒಂದು ಹಿಡಿ ಅನ್ನ ತೆಗೆದು ಡಬ್ಬಿಗೆ ಹಾಕಿ, ಬೆರಳಿನಿಂದ ಒತ್ತಿ ಸಮ ಮಾಡಿ, ಮುಚ್ಚಳ ಹಾಕಿದರು. ಆಮೇಲೆ ಎರಡೂ ಕೈಯನ್ನು ಡಬ್ಬಿಯ ಮೇಲೆ ನಿವಾಳಿಸಿ ತಮ್ಮ ತಲೆಯ ಪಕ್ಕಕ್ಕೆ ತಂದು ನೆಟಿಕೆ ಮುರಿದರು. ನಾನು ನೋಡುತ್ತಿದ್ದೇನೆ ಎಂಬುದು ಅವರಿಗೆ ಗೊತ್ತಿತ್ತು. ಮುಚ್ಚಿಟ್ಟುಕೊಳ್ಳುವಂಥದ್ದು ಅದರಲ್ಲಿ ಏನಿದೆ ಎಂದುಕೊಂಡಿದ್ದರು.

"ಅಜ್ಜಿ, ಅದು ಯಾಕೆ ಹಾಕಿದ್ರಿ?" ಎಂದೆ.

"ಯಾವ್ದು?"

"ಈಗ ಹಾಕಿದ್ರಲ್ಲ, ಒಂದು ಹಿಡಿ."

"ಓ ಅದಾ. ಅದು ಕೊಸರು ಕಣವ್ವ." ನನಗೆ ಗೊತ್ತಿಲ್ಲವೆಂದು ಅವರಿಗೇ ಆಶ್ಚರ್ಯ. "ಮಕ್ಳು ಉಣ್ಣೋದನ್ನ ಎಣಿಸ್ಬಾರ್ದು, ದೃಷ್ಟಿ ಆಯ್ತದೆ. ಇವ್ಳು ದಿನಾ ತೂಕ ಹಾಕ್ತಾಳೆ. ಏನ್ಮಾಡೋದು, ಡಾಕ್ಟ್ರು ಹೇಳವ್ರೆ ಅಂತಾಳೆ. ಅದಕ್ಕೆ ತೂಗಿದ್ಮೇಲೆ ತೂಗ್ದಿರೋದು ಒಂದು ಹಿಡಿ ಹಾಕ್ಬುಡ್ತೀನಿ. ಆಗ ಲೆಕ್ಕ ಮುರಿದೋಯ್ತದಲ್ಲ, ಕಣ್ಣು ಬೀಳಾಕಿಲ್ಲ. ರಾಗಿ ಅಳೆಯೋವಾಗ್ಲೂ ನಮ್ಮಲ್ಲಿ ಹಂಗೇ. ಅಳೆದಷ್ಟನ್ನೇ ಹಾಕೋದು ಜೈಲಲ್ಲಿ."

"ತಿಂಡಿಗೂ ಹಾಕ್ತೀರಾ?"

"ತಿಂಡಿ ಏನು ಪಾಪ ಮಾಡ್ತು?"

ನಾವು ಓದಿದ್ದು, ಅಳೆದದ್ದು, ಅನುಮಾನಿಸಿದ್ದು, ಎಲ್ಲವೂ ಆ ಒಂದು ಹಿಡಿಯ ಸುತ್ತಲೇ ತಿರುಗುತ್ತಿತ್ತು. ಅಮ್ಮ ತೂಗಿ ಹೇಳಿದ ಲೆಕ್ಕ ಇರುವಾಗ ಹರ್ಷಿತಾ ಕಣ್ಣಳತೆಗೆ ಹೋಗುತ್ತಿರಲಿಲ್ಲ, ಒತ್ತಿ ಸಮ ಮಾಡಿದ ಹಿಡಿ ಕಣ್ಣಿಗೆ ಬೀಳುವಂತೆಯೂ ಇರಲಿಲ್ಲ. ತಟ್ಟೆಗೆ, ಡಬ್ಬಿಗೆ ಬಂದದ್ದನ್ನೆಲ್ಲ ಚೊಕ್ಕವಾಗಿ ತಿಂದು ಮುಗಿಸುವುದು ಹರ್ಷಿತಾಗೆ ನಾವೇ ಹೇಳಿಕೊಟ್ಟ ಪಾಠ. ಇಂಜೆಕ್ಷನ್ ಆದ ಮೇಲೆ ಅನ್ನ ಬಿಡಬಾರದು ಎಂದು. ಹಾಗಾಗಿ ಸಕ್ಕರೆ ಏರಿತು, ಡೋಸು ಏರಿತು. ಅಜ್ಜಿ ಗೊಟ್ಟಿಗೆರೆಗೆ ಹೋದ ಮೇಲೆ ಹಿಡಿ ಅನ್ನ ಇರಲಿಲ್ಲ, ಏರಿಸಿದ ಡೋಸು ಮಾತ್ರ ಇತ್ತು.

ಸಾಧ್ಯವಾದಷ್ಟು ಮೆತ್ತಗೆ ಅವರಿಗೆ ವಿವರಿಸಿದೆ. ಮತ್ತೆ ಕಾಳು ಹಿದುಕಲು ಕೂತಿದ್ದವರು ಕೈ ನಿಲ್ಲಿಸಿದರು. ಕಣ್ಣು ದೊಡ್ಡದಾದವು.

"ಅಂದ್ರೆ ಮಗ ಬಿದ್ದಿದ್ದು ನನ್ನ ಕೈಯಿಂದ್ಲಾ?"

"ನಿಮಗೆ ಗೊತ್ತಿರಲಿಲ್ಲ ಅಜ್ಜಿ."

"ಬೈಸ್ಕೊಂಡಿದ್ದೂ ನನ್ನಿಂದ್ಲೇಯಾ?"

ಅಷ್ಟರಲ್ಲಿ ಸುಜಾತ ಬಟ್ಟೆಯ ಹೊರೆ ಹೊತ್ತು ಬಾಗಿಲಲ್ಲಿ ನಿಂತಿದ್ದರು. ಎಷ್ಟು ಕೇಳಿಸಿಕೊಂಡಿದ್ದರೋ, ಬೇಕಾದಷ್ಟು ಕೇಳಿಸಿಕೊಂಡಿದ್ದರು. ಒಳಕೋಣೆಯಿಂದ ಹರ್ಷಿತಾ ಬಂದಳು. ಯೂನಿಫಾರ್ಮ್ ಹಾಕಿದ್ದಳು, ಒಂದು ಜಡೆ ಹಾಕಿಕೊಂಡಿದ್ದಳು, ಇನ್ನೊಂದು ಬಿಚ್ಚಿತ್ತು. ಅಜ್ಜಿಯ ಮೇಲೆ ರೇಗುತ್ತಾಳೇನೋ ಎಂದು ನನಗೆ ಭಯ. ಅವಳು ಅಜ್ಜಿಯ ಕಡೆ ನೋಡಲೇ ಇಲ್ಲ.

"ಅಮ್ಮ, ನಾನು ತಿಂದಿಲ್ಲ ಅಂದಿದ್ದೆ," ಎಂದಳು. ಜೋರಾಗಿಯೂ ಹೇಳಲಿಲ್ಲ.

ಸುಜಾತ ಬಟ್ಟೆಯನ್ನು ಕುರ್ಚಿಯ ಮೇಲೆ ಹಾಕಿದರು. "ಬಾ, ಆ ಜಡೆ ಹಾಕ್ತೀನಿ" ಎಂದು ಮಗಳನ್ನು ಮುಂದೆ ಕೂರಿಸಿಕೊಂಡರು. ಅಷ್ಟು ಸಣ್ಣ ಜಡೆಗೆ ಅಷ್ಟು ಹೊತ್ತು ಹಿಡಿದದ್ದನ್ನು ನಾನು ನೋಡಿಲ್ಲ. ಅವರು ಅಳುತ್ತಿದ್ದರು, ಮಗಳು ಬಾಚಣಿಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡು ಎದುರಿನ ಗೋಡೆ ನೋಡುತ್ತಿದ್ದಳು.

ಕಾರಣ ಸಿಕ್ಕಿತು, ಎಲ್ಲವೂ ಮುಗಿಯಿತು ಎಂದು ನಾನು ಅಂದುಕೊಂಡಿದ್ದೆ. ಆದರೆ ತಾಯಮ್ಮ ಅವತ್ತಿನಿಂದ ಮೊಮ್ಮಗಳಿಗೆ ಬಡಿಸುವುದನ್ನೇ ಬಿಟ್ಟರು. ಡಬ್ಬಿ ಮುಟ್ಟಲಿಲ್ಲ, ತಟ್ಟೆ ಇಡಲಿಲ್ಲ. ನನ್ನ ಕೈಯೇ ಸರಿಯಿಲ್ಲ ಎಂದು ಮೂಲೆ ಹಿಡಿದು ಕೂತರು. ನಾನು ಫೋನಿನಲ್ಲಿ ಒಂದು ಉಪಾಯ ಹೇಳಿದೆ: ಅನ್ನದ ಬದಲು ಒಂದು ಹಿಡಿ ಸೌತೆಕಾಯಿ ಹಾಕಲಿ, ಅದರಲ್ಲಿ ಕಾರ್ಬ್ ಇಲ್ಲದ ಹಾಗೇ. ತಾಯಮ್ಮ ಮೂಗು ಮುರಿದರಂತೆ. "ಸೌತೇಕಾಯಿ ನೋಡಿ ಯಾರವ್ವ ಹೊಟ್ಟೆ ಉರ್ಕತಾರೆ?" ಅದರಲ್ಲಿ ಅರ್ಥವಿತ್ತು. ಹಾಗಾದರೆ ಹಿಡಿಯನ್ನು ಮೊದಲೇ ಹಾಕಿ ಆಮೇಲೆ ತೂಗಿ ಎಂದೆ. ತೂಗಿದ ಮೇಲೆ ಅದು ಕೊಸರು ಹೇಗಾಗುತ್ತದೆ ಎಂದರಂತೆ. ಅದರಲ್ಲೂ ಅರ್ಥವಿತ್ತು.

ದಾರಿ ಕಂಡುಕೊಂಡವಳು ಹರ್ಷಿತಾ. ಸಂಕ್ರಾಂತಿಗೆ ಇನ್ನೇನು ಕೆಲವೇ ದಿನ ಇರುವಾಗ ಅವಳು ಡಬ್ಬಿ ಮತ್ತು ಕುಕ್ಕರನ್ನು ಅಜ್ಜಿಯ ಮುಂದೆ ತಂದಿಟ್ಟಳಂತೆ.

"ನೀನು ಹಾಕಜ್ಜಿ. ಎಷ್ಟಾದ್ರೂ ಹಾಕು. ನನ್ ಕಣ್ಮುಂದೆ ಹಾಕು, ಅಷ್ಟೇ. ನಾನು ಮನಸಲ್ಲೇ ಲೆಕ್ಕ ಹಾಕ್ಕೋತೀನಿ."

ತಾಯಮ್ಮ ಕುಕ್ಕರನ್ನು ಹತ್ತಿರ ಎಳೆದುಕೊಂಡರಂತೆ. "ಬಾಯಿ ಬಿಟ್ಟು ಹೇಳ್ಬಾರ್ದು ಹಂಗಾದ್ರೆ. ನಿಮ್ಮಮ್ಮಂಗೂ ಹೇಳ್ಬಾರ್ದು."

"ಯಾರಿಗೂ ಹೇಳಲ್ಲ."

ಎಣಿಕೆ ಬಾಯಿಗೆ ಬಂದರೆ ತಾನೇ ದೃಷ್ಟಿ. ಹೀಗೆ ಆ ಮನೆಯಲ್ಲಿ ಒಪ್ಪಂದವಾಯಿತು. ನನಗಿದು ಅಷ್ಟೇನೂ ಹಿಡಿಸಲಿಲ್ಲ. ತಕ್ಕಡಿ ಇರುವಾಗ ಹುಡುಗಿಯೊಬ್ಬಳ ಕಣ್ಣಳತೆಯನ್ನು, ಅದೂ ಅವಳ ತಲೆಯೊಳಗೇ ಉಳಿಯುವ ಸಂಖ್ಯೆಯನ್ನು ನಂಬಿ ಕೂರಲು ನಮ್ಮ ಪಾಠದಲ್ಲಿ ಹೇಳಿಲ್ಲ. ಡಾಕ್ಟರು ಮಾತ್ರ, "ನೋಡೋಣ, ಊಟ ಆದ ಮೇಲೆ ತಪ್ಪದೆ ಚೆಕ್ ಮಾಡ್ಲಿ" ಎಂದರು. ಎಲ್ಲರಿಗಿಂತ ಕಷ್ಟವಾದದ್ದು ಸುಜಾತರಿಗೆ. ಮಗಳು ಎಷ್ಟು ತಿಂದಳು ಎಂಬುದು ಇನ್ನು ಮೇಲೆ ಅವರಿಗೆ ಗೊತ್ತಾಗುವಂತಿಲ್ಲ. ಕೇಳುವಂತೆಯೂ ಇಲ್ಲ. ಬ್ಯಾಗು ಕೊಡವಲು ಕೈ ಹೋಗುತ್ತದೆ ಮೇಡಂ, ಹಾಗೇ ವಾಪಸ್ ತಗೋತೀನಿ ಎಂದು ಒಮ್ಮೆ ಹೇಳಿದರು. ನಂಬರುಗಳು ಒಂದು ದಿನ ಚೂರು ಮೇಲೆ, ಒಂದು ದಿನ ಚೂರು ಕೆಳಗೆ ಹೋದವು. ಆಮೇಲೆ ನೆಟ್ಟಗಾದವು.

ಸಂಕ್ರಾಂತಿ ಕಳೆಯಿತು. ಅವರೆಕಾಯಿ ಬಲಿತು, ಸೊಗಡು ಹೋಗಿ, ಗಾಡಿಗಳಿಂದ ಮಾಯವಾಗತೊಡಗಿತು. ಮಧ್ಯಾಹ್ನದ ಬಿಸಿಲು ಚುರುಕಾಯಿತು. ತಾಯಿ ಮಗಳು ಬಂದರು. ಡಾಕ್ಟರು ಮೀಟರಿನ ನಂಬರುಗಳನ್ನು ಕೆಳಗಿನವರೆಗೂ ಓದಿ, "ವೆರಿ ಗುಡ್" ಎಂದರು. ಚಪಾತಿಯ ಮಾತು ಬರಲಿಲ್ಲ. ಆಮೇಲೆ ಅವರು ಎಲ್ಲಾ ಮಕ್ಕಳ ವಿಷಯದಲ್ಲೂ ಮಾಡುವಂತೆ ತಾಯಿಯ ಕಡೆ ತಿರುಗಿದರು.

"ಹೊರಗಡೆ ಏನಾದ್ರೂ ತಿಂತಾಳಾ?"

ಸುಜಾತ ಕೈಚೀಲವನ್ನು ತೊಡೆಯ ಮೇಲೆ ಸರಿಪಡಿಸಿಕೊಂಡರು. "ನನ್ನ ಕೇಳ್ಬೇಡಿ ಸಾರ್. ಅವಳನ್ನೇ ಕೇಳಿ. ಅವಳು ಏನು ಹೇಳ್ತಾಳೋ ಅದೇ."

ಡಾಕ್ಟರು ಹರ್ಷಿತಾಳನ್ನು ನೋಡಿದರು. ಅವಳು ಅಮ್ಮನನ್ನು ನೋಡಿದಳು. ನೇರ ಕೂತಳು.

"ತಿಂದೆ ಸಾರ್. ಶನಿವಾರ, ಫ್ರೆಂಡ್ಸ್ ಜೊತೆ. ಪಾನಿಪುರಿ."

ಡಾಕ್ಟರು ಶನಿವಾರದ ನಂಬರು ಹುಡುಕಿದರು. ಸರಿಯಾಗಿಯೇ ಇತ್ತು.

"ಎಷ್ಟು ಅಂತ ಲೆಕ್ಕ ಹಾಕಿದೆ?"

"ಒಂದು ಪ್ಲೇಟಿಗೆ ಆರು ಪೂರಿ ಸಾರ್, ಒಳಗಿನ ಆಲೂಗಡ್ಡೆ ಸೇರಿಸಿ. ಕೊನೇಲಿ ಅವನು ಒಂದು ಸುಕ್ಕಾ ಪೂರಿ ಫ್ರೀ ಕೊಡ್ತಾನೆ ಅಂತ ಗೊತ್ತಿತ್ತು. ಅದನ್ನೂ ಸೇರಿಸೇ ಇನ್ಸುಲಿನ್ ತಗೊಂಡೆ."

ನಾನು ಸುಜಾತರ ಕಡೆ ನೋಡಿದೆ. ಅವರು ಮಗಳ ಕಡೆ ತಿರುಗಿದ್ದರು. ಯಾವ ಗಾಡಿ, ಯಾರ ಜೊತೆ, ಯಾಕೆ ಹೇಳಲಿಲ್ಲ, ಇದ್ಯಾವುದನ್ನೂ ಕೇಳಲಿಲ್ಲ.

"ಖಾರ ಜಾಸ್ತಿ ಇತ್ತೇನೇ?" ಎಂದರು.